ಮಹಡಿಗೆ ವೈಫೈ ಹತ್ತುತ್ತಿಲ್ಲವೇ? ಹಳೇ ರೌಟರ್ ಇಳಿಸಿ, ಒಂದು ತಂತಿ ಎಳೆಯಿರಿ

"ಕೆಳಗೆ ಹಾಲ್‌ನಲ್ಲಿ ನೆಟ್ ಚೆನ್ನಾಗಿದೆ, ಮಹಡಿ ರೂಮಿನಲ್ಲಿ ಒಂದೇ ಕಡ್ಡಿ, ಯಾವ ರಿಪೀಟರ್ ತಗೊಳ್ಳಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ನನ್ನ ಉತ್ತರವೂ ಬದಲಾಗಿಲ್ಲ. ರಿಪೀಟರ್ ಬೇಡ. ಅಟ್ಟದ ಮೇಲೆ ಬಿದ್ದಿರುವ ಹಳೇ ರೌಟರ್ ಇಳಿಸಿ, ಕೆಳಗಿನಿಂದ ಅದಕ್ಕೊಂದು ತಂತಿ ಎಳೆಯಿರಿ. ಹೀಗಂದ ತಕ್ಷಣ ಮತ್ತಷ್ಟು ಪ್ರಶ್ನೆ ಬರುತ್ತವೆ: ತಂತಿ ಯಾವ ತೂತಿಗೆ ಹಾಕಬೇಕು, ಹಾಕಿದ ಮೇಲೆ ಅರ್ಧ ಮನೆಗೆ ನೆಟ್ ಯಾಕೆ ಹೋಯಿತು, ಇತ್ಯಾದಿ. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ರಿಪೀಟರ್ ಯಾಕೆ ಬೇಡ ಅಂತ ಹೇಳಿಬಿಡುತ್ತೇನೆ. ಅದು ವೈಫೈಯನ್ನು ಗಾಳಿಯಲ್ಲಿ ಹಿಡಿದು ಮತ್ತೆ ಗಾಳಿಗೇ ಬಿಡುವ ಪೆಟ್ಟಿಗೆ. ಅಗ್ಗದ ರಿಪೀಟರ್‌ಗಳಲ್ಲಿ ಈ ಎರಡೂ ಕೆಲಸಕ್ಕೆ ಒಂದೇ ರೇಡಿಯೊ, ಅಂದರೆ ಡೇಟಾದ ಪ್ರತಿ ಪೊಟ್ಟಣವನ್ನೂ ಎರಡೆರಡು ಸಲ ಕಳಿಸಬೇಕು, ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ನಾವು ಅದನ್ನು ಇಡುವುದೂ ಸಿಗ್ನಲ್ ಸತ್ತ ಜಾಗದಲ್ಲೇ. ಫೋನಿನಲ್ಲಿ ಕಡ್ಡಿ ಪೂರ್ತಿ ಕಾಣಿಸುತ್ತದೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಯಾಕೆಂದರೆ ಆ ಕಡ್ಡಿ ನಿಮ್ಮ ಫೋನಿಗೂ ರಿಪೀಟರ್‌ಗೂ ನಡುವಿನದು, ಅಷ್ಟೇ. ಮನೆಯ ಅಲ್ಲಲ್ಲಿ ಇಟ್ಟು ಒಂದೇ ವೈಫೈ ಹರಡುವ ದುಬಾರಿ ಮೆಶ್ ಪೆಟ್ಟಿಗೆಗಳು ಇದಕ್ಕಿಂತ ಎಷ್ಟೋ ವಾಸಿ, ಆದರೆ ಕಾಂಕ್ರೀಟ್ ಸ್ಲ್ಯಾಬ್ ಅವಕ್ಕೂ ಅಡ್ಡವೇ. ಇನ್ನು ಕರೆಂಟ್ ವೈರಿನಲ್ಲೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಅಂತ ಒಂದು ಬರುತ್ತದೆ. ಕೆಳಗಿನ ಸಾಕೆಟ್ ಒಂದು ಫೇಸ್‌ನಲ್ಲಿ, ಮಹಡಿಯದು ಇನ್ನೊಂದು ಫೇಸ್‌ನಲ್ಲಿ ಇರುವ ಮನೆಗಳಲ್ಲಿ ಅದು ಸಾಮಾನ್ಯವಾಗಿ ಕೈಕೊಡುತ್ತದೆ.

ನಾವು ಮಾಡಹೊರಟಿರುವುದು ಆಕ್ಸೆಸ್ ಪಾಯಿಂಟ್. ತಂತಿಯಲ್ಲಿ ಬಂದ ನೆಟ್‌ವರ್ಕನ್ನು ವೈಫೈ ಆಗಿ ಹರಡುವುದಷ್ಟೇ ಅದರ ಕೆಲಸ. ವಿಳಾಸ ಹಂಚುವುದು, ಹೊರಗಿನ ಇಂಟರ್‌ನೆಟ್ ಜೊತೆ ವ್ಯವಹಾರ, ಎಲ್ಲವನ್ನೂ ಕೆಳಗಿನ ಮುಖ್ಯ ರೌಟರ್ ನೋಡಿಕೊಳ್ಳುತ್ತದೆ.

ಏನೇನು ಬೇಕು

ಹಳೇ ರೌಟರ್ ಮತ್ತು ಅದರದ್ದೇ ಅಡಾಪ್ಟರ್. ಬೇಕಾದಷ್ಟು ಉದ್ದದ ನೆಟ್‌ವರ್ಕ್ ಕೇಬಲ್. ಸೆಟ್ಟಿಂಗ್ ಮಾಡಲು ಲ್ಯಾಪ್‌ಟಾಪ್, ಇಲ್ಲದಿದ್ದರೆ ಫೋನ್. ಮುಖ್ಯ ರೌಟರ್‌ನ ಅಡ್ಮಿನ್ ಪಾಸ್‌ವರ್ಡ್. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರ್‌ನ ಒಳಗೆ ಹೋಗಲು ಬೇಕಾದದ್ದು, ಹೆಚ್ಚಾಗಿ ಪೆಟ್ಟಿಗೆಯ ತಳದ ಸ್ಟಿಕರ್‌ನಲ್ಲಿ ಇರುತ್ತದೆ. ಕೇಬಲ್ ನೀವೇ ಕತ್ತರಿಸಿ ಜೋಡಿಸುವುದಾದರೆ ಕೇಬಲ್ ತುದಿಗೆ ಹಾಕುವ ಒಂದಷ್ಟು ಆರ್‌ಜೆ45 ಕನೆಕ್ಟರ್, ಅದನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಚಿಕ್ಕ ಟೆಸ್ಟರ್.

1. ಮೊದಲು ಅಳೆಯಿರಿ

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ತರಹದ ಯಾವುದಾದರೂ ಆಪ್ ಹಾಕಿಕೊಳ್ಳಿ. ಐಫೋನ್ ಇದ್ದರೆ ಆಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿ, ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅದರ ವೈಫೈ ಸ್ಕ್ಯಾನರ್ ಆನ್ ಮಾಡಿ. ಸಿಗ್ನಲ್ ಡಿಬಿಎಂ ಎಂಬ ಮೈನಸ್ ಸಂಖ್ಯೆಯಲ್ಲಿ ಕಾಣಿಸುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಭರ್ಜರಿ. ಮೈನಸ್ 67ರ ಆಸುಪಾಸಿನಲ್ಲಿ ವಿಡಿಯೊ ಕರೆ ತೊಂದರೆಯಿಲ್ಲದೆ ನಡೆಯುತ್ತದೆ. ಮೈನಸ್ 80 ದಾಟಿದರೆ ಹೆಸರಿಗೆ ಮಾತ್ರ ವೈಫೈ. ರೂಮು ರೂಮಿಗೆ ಹೋಗಿ ಬರೆದುಕೊಳ್ಳಿ.

ಕೆಲವು ಸಲ ಈ ಹಂತದಲ್ಲೇ ಸಮಸ್ಯೆ ಮುಗಿದುಹೋಗುತ್ತದೆ. ಮುಖ್ಯ ರೌಟರ್ ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ ಅಥವಾ ಕನ್ನಡಿಯ ಹಿಂದೆ ಇದ್ದರೆ ಅದನ್ನು ಎತ್ತರದಲ್ಲಿ, ಮೆಟ್ಟಿಲ ಹತ್ತಿರ ಇಟ್ಟು ಮತ್ತೊಮ್ಮೆ ಅಳೆಯಿರಿ. ಲೋಹ, ನೀರು, ಕಬ್ಬಿಣ ಹೆಣೆದ ಕಾಂಕ್ರೀಟ್, ದಪ್ಪನೆಯ ಕಲ್ಲುಗೋಡೆ ಇವೆಲ್ಲ ಸಿಗ್ನಲ್ ತಿನ್ನುತ್ತವೆ. ವೈಫೈ ಹರಡುವ ಬ್ಯಾಂಡ್‌ಗಳಲ್ಲಿ 2.4 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಜಾಣ, ವೇಗ ಕಮ್ಮಿ. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಆದರೆ ಎರಡು ಗೋಡೆಗೆ ಸುಸ್ತಾಗುತ್ತದೆ.

2. ಹಳೇ ರೌಟರ್ ಕೆಲಸಕ್ಕೆ ಬರುತ್ತದಾ ನೋಡಿ

ಲ್ಯಾನ್ ಅಂತ ಬರೆದ ತೂತುಗಳಿದ್ದು ವೈಫೈ ಇದ್ದರೆ ಸಾಕು. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಕಾಲದ ಎಡಿಎಸ್‌ಎಲ್ ಮೋಡೆಮ್ ಕೂಡ ಆಗುತ್ತದೆ. ಫೋನ್ ಲೈನ್ ಹಾಕುವ ಅದರ ತೂತು ಸುಮ್ನೆ ಖಾಲಿ ಇರಲಿ. ಎರಡು ಮಿತಿ ಮಾತ್ರ ಗಮನಿಸಿ. ತುಂಬಾ ಹಳೆಯದರಲ್ಲಿ 2.4 ಗಿಗಾಹರ್ಟ್ಸ್ ಒಂದೇ ಇರುತ್ತದೆ. ಅಗ್ಗದ ರೌಟರ್‌ಗಳ ಲ್ಯಾನ್ ತೂತುಗಳು 100 ಎಂಬಿಪಿಎಸ್‌ಗೇ ನಿಲ್ಲುತ್ತವೆ, ಗಿಗಾಬಿಟ್ (1000 ಎಂಬಿಪಿಎಸ್) ಅಲ್ಲ. ನಿಮ್ಮ ಪ್ಲಾನ್ ಇರುವುದೇ 100 ಎಂಬಿಪಿಎಸ್ ಅಂದರೆ ಇದರಿಂದ ನಷ್ಟವೇನಿಲ್ಲ.

3. ತಂತಿ ಎಳೆಯುವುದು

ನಿಜವಾದ ಕೆಲಸ ಇರುವುದು ಇಲ್ಲಿ. ಉಳಿದದ್ದೆಲ್ಲ ಅರ್ಧ ಗಂಟೆಯ ಬಟನ್ ಒತ್ತುವ ಕೆಲಸ.

ಕೇಬಲ್ ಕ್ಯಾಟ್5ಇ ಅಥವಾ ಕ್ಯಾಟ್6 ಇರಲಿ. ಎರಡೂ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತವೆ, ಆದ್ದರಿಂದ ಮನೆಗೆ ಕ್ಯಾಟ್8 ಅಂತೆಲ್ಲ ಹುಡುಕುತ್ತಾ ಹೋಗಬೇಡಿ. ಹುಡುಕಬೇಕಾದ್ದು ಶುದ್ಧ ತಾಮ್ರ. ಅಂಗಡಿಯಲ್ಲಿ ಸಿಸಿಎ ಅಂತ ಒಂದು ಬರುತ್ತದೆ, ಅಂದರೆ ಅಲ್ಯೂಮಿನಿಯಂ ತಂತಿಗೆ ಮೇಲೆ ತೆಳ್ಳಗೆ ತಾಮ್ರದ ಲೇಪ. ಕೈಯಲ್ಲಿ ಹಿಡಿದರೆ ಹಗುರ, ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬಾಗಿಸಿದ ಕಡೆ ಬೇಗ ಮುರಿಯುತ್ತದೆ. ಗೋಡೆಯೊಳಗೆ ಮುರಿದರೆ ಹುಡುಕುವುದು ಯಾರು?

ಗೋಡೆ ಒಡೆಯುವ ಮುಂಚೆ ಒಂದು ಜಾಗ ನೋಡಿ. ಹಳೇ ಕೇಬಲ್ ಟಿವಿ ಅಥವಾ ಡಿಶ್ ತಂತಿ ತಾರಸಿಯಿಂದ ಹಾಲ್‌ಗೆ ಪೈಪಿನೊಳಗೆ ಬಂದಿರುತ್ತದೆ, ಎಷ್ಟೋ ಮನೆಗಳಲ್ಲಿ ಈಗ ಅದರ ಉಪಯೋಗವೇ ಇಲ್ಲ. ಅದರ ತುದಿಗೆ ಹೊಸ ಕೇಬಲ್ ಕಟ್ಟಿ, ಗಂಟಿನ ಮೇಲೆ ಇನ್ಸುಲೇಶನ್ ಟೇಪ್ ನುಣ್ಣಗೆ ಸುತ್ತಿ, ಒಬ್ಬರು ಮೇಲಿನಿಂದ ನಿಧಾನಕ್ಕೆ ಎಳೆಯುತ್ತಾ ಇನ್ನೊಬ್ಬರು ಕೆಳಗಿನಿಂದ ತಳ್ಳುತ್ತಾ ಹೋದರೆ ಹಳೆಯದು ಹೊರಗೆ, ಹೊಸದು ಒಳಗೆ. ಜೊತೆಗೆ ಒಂದು ನೈಲಾನ್ ದಾರವನ್ನೂ ಎಳೆದು ಪೈಪಿನಲ್ಲೇ ಬಿಡಿ, ಮುಂದೆ ಬೇಕಾಗುತ್ತದೆ. ಕನೆಕ್ಟರ್ ಇಲ್ಲದ ಕೇಬಲನ್ನೇ ಎಳೆಯಿರಿ, ತುದಿಗೆ ಆಮೇಲೆ ಜೋಡಿಸಿದರಾಯಿತು. ಕನೆಕ್ಟರ್ ಇದ್ದರೆ ಪೈಪಿನ ಮೊದಲ ತಿರುವಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಎಚ್ಚರ ಬೇಕಾದ ವಿಷಯಗಳು ಕೆಲವಿವೆ. ಕರೆಂಟ್ ವೈರ್ ಇರುವ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಹಾಕಲೇಬೇಡಿ, ಎಲೆಕ್ಟ್ರಿಷಿಯನ್ "ಏನೂ ಆಗಲ್ಲ ಸಾರ್" ಅಂದರೂ ಬೇಡ. ಇನ್ಸುಲೇಶನ್ ಎಲ್ಲಾದರೂ ಸುಲಿದರೆ 230 ವೋಲ್ಟ್ ನೇರ ನಿಮ್ಮ ಲ್ಯಾಪ್‌ಟಾಪಿಗೆ ಬರುತ್ತದೆ. ಹೊರಗೋಡೆಯ ಮೇಲೆ ಹೋಗುವುದಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ಲೇ ಆಗಬೇಕು. ಒಳಗೆ ಬರುವ ತೂತಿನ ಮುಂಚೆ ಕೇಬಲನ್ನು ಸ್ವಲ್ಪ ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತನ್ನಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಹಾಗೆ ಬಿಡದಿದ್ದರೆ ಜೂನ್ ಜುಲೈನಲ್ಲಿ ನೀರು ತಂತಿ ಹಿಡಿದುಕೊಂಡು ಸೀದಾ ರೌಟರ್‌ವರೆಗೆ ಬರುತ್ತದೆ.

ಮಲೆನಾಡು, ಕರಾವಳಿ ಕಡೆಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಮನೆಯಿಂದ ಕೊಟ್ಟಿಗೆಗೋ, ಅಡಿಕೆ ತೋಟದ ಶೆಡ್ಡಿಗೋ, ಪಕ್ಕದ ಕಟ್ಟಡಕ್ಕೋ ತಾಮ್ರದ ಕೇಬಲ್ ಎಳೆಯಬೇಡಿ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಅಷ್ಟುದ್ದದ ತಾಮ್ರ ಆಂಟೆನಾ ಇದ್ದಂತೆಯೇ. ಸಿಡಿಲು ನಿಮ್ಮ ಮನೆಗೇ ಹೊಡೆಯಬೇಕೆಂದಿಲ್ಲ, ಹತ್ತಿರದಲ್ಲೆಲ್ಲೋ ಬಿದ್ದರೂ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಎರಡೂ ತುದಿಯ ಪೆಟ್ಟಿಗೆ ಸುಡಲು ಸಾಕು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಇಡಿ, ಅಂದರೆ ಫೈಬರ್‌ನ ಬೆಳಕನ್ನು ನೆಟ್‌ವರ್ಕ್ ಕೇಬಲ್‌ಗೆ ಬದಲಿಸುವ ಚಿಕ್ಕ ಪೆಟ್ಟಿಗೆ. ಅದು ಜೋಡಿಯಾಗಿಯೇ ಸಿಗುತ್ತದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಹೊರಗೆ ಎಳೆಯುವ ಫೈಬರ್ ಕೇಬಲ್‌ಗೆ ಬಲಕ್ಕಾಗಿ ಉಕ್ಕಿನ ತಂತಿ ಸೇರಿಸಿರುತ್ತಾರೆ, ಅದನ್ನು ಹೊರಗೇ ಕತ್ತರಿಸಿಬಿಡಿ.

ಈಗ ತುದಿ ಜೋಡಿಸುವುದು. ಕನೆಕ್ಟರ್‌ನ ಕ್ಲಿಪ್ ಕೆಳಗೆ, ಚಿನ್ನದ ಬಣ್ಣದ ಪಿನ್‌ಗಳು ಮೇಲೆ, ತಂತಿ ಹೋಗುವ ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ. ಹಸಿರಿನ ಜೋಡಿಯ ನಡುವೆ ನೀಲಿ ಜೋಡಿ ಬರುತ್ತದೆ ನೋಡಿ, ಎಡವುವುದು ಅಲ್ಲೇ. ಅಂದವಾಗಿ ಕಾಣಲಿ ಅಂತ ಬಿಳಿ-ಹಸಿರು ಪಕ್ಕ ಹಸಿರು, ಬಿಳಿ-ನೀಲಿ ಪಕ್ಕ ನೀಲಿ ಅಂತ ಜೋಡಿಸಿದರೆ ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿಯೇ ಉರಿಯುತ್ತವೆ, ಯಾಕೆಂದರೆ ಅದು ನೋಡುವುದು ಈ ತುದಿಯಿಂದ ಆ ತುದಿಗೆ ತಂತಿ ಮುಟ್ಟಿದೆಯಾ ಅಂತ ಮಾತ್ರ. ಒಂದಕ್ಕೊಂದು ಹೊಸೆದ ಜೋಡಿ ತಪ್ಪಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಹೀಗೆ ಜೋಡಿ ತಪ್ಪಿದಾಗ ಕೇಬಲ್ ಸ್ವಲ್ಪ ಉದ್ದವಾದರೂ ನೆಟ್ ಎಳೆದಾಡುತ್ತದೆ. ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ಹೊರಗಿನ ಸಿಪ್ಪೆ ಕನೆಕ್ಟರ್‌ನೊಳಗೆ ಹೋಗಿ ಕಚ್ಚಿಕೊಳ್ಳಬೇಕು.

4. ಹಳೇ ರೌಟರ್‌ಗೆ ಹೊಸ ವಿಳಾಸ

ಇನ್ನೂ ಮನೆಯ ನೆಟ್‌ವರ್ಕ್‌ಗೆ ಸೇರಿಸಬೇಡಿ. ಹಳೇ ರೌಟರ್‌ಗೆ ಕರೆಂಟ್ ಕೊಟ್ಟು, ಹಿಂದಿನ ಚಿಕ್ಕ ರಿಸೆಟ್ ತೂತನ್ನು ಪಿನ್ನಿನಿಂದ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಎಲ್ಲಾ ದೀಪ ಆರಿ ಹತ್ತಿದ ಮೇಲೆ ಅದರ ಲ್ಯಾನ್ ತೂತಿಗೆ ಲ್ಯಾಪ್‌ಟಾಪ್ ಜೋಡಿಸಿ, ಸ್ಟಿಕರ್‌ನಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ಹೊಡೆಯಿರಿ. ಸಾಮಾನ್ಯವಾಗಿ 192.168.0.1 ಅಥವಾ 192.168.1.1. ಫೋನಿನಿಂದ ಮಾಡುವವರು ಮೊಬೈಲ್ ಡೇಟಾ ಆಫ್ ಮಾಡಿ. ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಫೋನ್ ಮೊಬೈಲ್ ಡೇಟಾಕ್ಕೆ ಜಾರುತ್ತದೆ, ಪೇಜ್ ತೆರೆಯುವುದೇ ಇಲ್ಲ.

ಒಳಗೆ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಆಯ್ಕೆ ಇದ್ದರೆ ನಿಮ್ಮ ಪುಣ್ಯ. ಅದನ್ನು ಆರಿಸಿ, 5ನೇ ಹಂತದ ಕೊನೆಯಲ್ಲಿ ಹೇಳಿದಂತೆ ಕೇಬಲ್ ಹಾಕಿ, ಸೀದಾ 6ನೇ ಹಂತಕ್ಕೆ ಹೋಗಿ. ಆಗ ರೌಟರ್‌ನ ವಿಳಾಸವನ್ನು ಹೆಚ್ಚಾಗಿ ಮುಖ್ಯ ರೌಟರ್ರೇ ಕೊಡುತ್ತದೆ, ಅದು ಏನು ಅಂತ ಮುಖ್ಯ ರೌಟರ್‌ನ ಸಾಧನಗಳ ಪಟ್ಟಿಯಲ್ಲಿ ನೋಡಬೇಕು.

ಆ ಆಯ್ಕೆ ಇಲ್ಲದವರು ಕೈಯಿಂದ ಮಾಡೋಣ. ಮುಖ್ಯ ರೌಟರ್‌ನ ವಿಳಾಸ 192.168.1.1 ಅಂದುಕೊಳ್ಳಿ. ಹಳೆಯದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ ಸೇವ್ ಒತ್ತಿ. ಜಿಯೊ ಫೈಬರ್ ಮನೆಗಳಲ್ಲಿ ಮುಖ್ಯ ವಿಳಾಸ 192.168.29.1 ಇರುತ್ತದೆ, ಹಾಗಾಗಿ ಅಲ್ಲಿ 192.168.29.2. ಮೊದಲ ಮೂರು ಸಂಖ್ಯೆ ಎರಡರಲ್ಲೂ ಒಂದೇ, ಕೊನೆಯದು ಮಾತ್ರ ಬೇರೆ. ಇದನ್ನು ಬಿಟ್ಟು ಎರಡೂ 192.168.1.1 ಆಗಿಯೇ ಉಳಿದರೆ ನೆಟ್ ಒಂದು ಕ್ಷಣ ಬರುತ್ತದೆ, ಇನ್ನೊಂದು ಕ್ಷಣ ಹೋಗುತ್ತದೆ, ನೀವು ಕಂಪನಿಯವರಿಗೆ ಫೋನ್ ಮಾಡಿ ಬೈಯುತ್ತೀರಿ.

5. ಡಿಎಚ್‌ಸಿಪಿ ಆಫ್ ಮಾಡಿ

ಮನೆಯ ಪ್ರತಿ ಫೋನಿಗೆ, ಟಿವಿಗೆ ವಿಳಾಸ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಅನ್ನುತ್ತಾರೆ. ಮನೆಗೆ ಒಂದೇ ಇರಬೇಕು. ಎರಡೂ ರೌಟರ್ ಹಂಚತೊಡಗಿದರೆ ಒಂದೇ ಬಸ್ಸಿಗೆ ಇಬ್ಬರು ಕಂಡಕ್ಟರ್ ಹತ್ತಿ ಬೇರೆ ಬೇರೆ ಊರಿನ ಟಿಕೆಟ್ ಹರಿದ ಹಾಗೆ. "ವೈಫೈ ಕನೆಕ್ಟ್ ಆಗಿದೆ, ಇಂಟರ್‌ನೆಟ್ ಇಲ್ಲ, ಆದರೆ ಅಪ್ಪನ ಫೋನಿನಲ್ಲಿ ಬರುತ್ತಿದೆ" ಅನ್ನುವ ದೂರು ಹೆಚ್ಚಾಗಿ ಇದೇ.

ಕ್ರಮ ಮುಖ್ಯ. ಮೊದಲು ವಿಳಾಸ ಬದಲಿಸಿ, ಹೊಸ ವಿಳಾಸದಿಂದ ಮತ್ತೆ ಲಾಗಿನ್ ಆಗಿ, ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇರುವುದಿಲ್ಲ. ಹಾಗಾಗಿಬಿಟ್ಟರೆ ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ರೌಟರ್‌ನದೇ ಸಾಲಿನ ಒಂದು ವಿಳಾಸವನ್ನು, 192.168.1.50 ತರಹದ್ದನ್ನು, ಕೈಯಾರೆ ಹಾಕಿದರೆ ಒಳಗೆ ಹೋಗಬಹುದು.

ಮುಖ್ಯ ರೌಟರ್‌ನಲ್ಲೂ ಒಂದು ಸಣ್ಣ ಕೆಲಸವಿದೆ. ಅದು ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಹಂಚುತ್ತದೆ ಅಂತ ಡಿಎಚ್‌ಸಿಪಿ ಪುಟದಲ್ಲಿ ಇರುತ್ತದೆ. ಕೆಲವದರಲ್ಲಿ 2ರಿಂದಲೇ ಶುರು. ಅದನ್ನು 10ರಿಂದ ಶುರುವಾಗುವಂತೆ ಬದಲಿಸಿ, ಇಲ್ಲದಿದ್ದರೆ ಯಾವತ್ತೋ ಒಂದು ದಿನ ನಿಮ್ಮ ಹಳೇ ರೌಟರ್‌ನ 2ನೇ ನಂಬರನ್ನೇ ನೆಂಟರ ಫೋನಿಗೆ ಕೊಟ್ಟುಬಿಡುತ್ತದೆ.

ಈಗ ಕೆಳಗಿನಿಂದ ಬಂದ ಕೇಬಲನ್ನು ಹಳೇ ರೌಟರ್‌ನ ಲ್ಯಾನ್ ತೂತಿಗೆ ಹಾಕಿ. ಹೊರಗಿನ ಇಂಟರ್‌ನೆಟ್ ಲೈನ್ ಹಾಕುವ, ಬಣ್ಣ ಬೇರೆ ಇರುವ ವ್ಯಾನ್ ತೂತಿಗೆ ಅಲ್ಲ! ಅಲ್ಲಿಗೆ ಹಾಕಿದರೂ ಕೆಲವೊಮ್ಮೆ ನೆಟ್ ಬರುತ್ತದೆ, ಅದೇ ತಲೆನೋವು. ಮಹಡಿ ಬೇರೆ ನೆಟ್‌ವರ್ಕ್, ಕೆಳಗೆ ಬೇರೆ ನೆಟ್‌ವರ್ಕ್ ಆಗಿಹೋಗುತ್ತದೆ, ಕೆಳಗಿನಿಂದ ಮೇಲಿನ ಪ್ರಿಂಟರ್ ಕಾಣುವುದಿಲ್ಲ, ಮೇಲಿನ ಫೋನಿನಿಂದ ಹಾಲ್‌ನ ಟಿವಿಗೆ ಕಾಸ್ಟ್ ಮಾಡಲು ಆಗುವುದಿಲ್ಲ.

6. ಹೆಸರು, ಚಾನೆಲ್, ಪಾಸ್‌ವರ್ಡ್

ಹಳೇ ರೌಟರ್‌ನ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಎರಡೂ ಮುಖ್ಯ ರೌಟರ್‌ನಲ್ಲಿ ಇರುವಂತೆಯೇ ಅಕ್ಷರ ಬಿಡದೆ ಹಾಕಿ. ಭದ್ರತೆಯ ಬಗೆಯೂ ಒಂದೇ ಇರಲಿ, ಡಬ್ಲ್ಯುಪಿಎ2 ಎಇಎಸ್ ಆದರೆ ಹಳೇ ಸಾಧನಗಳಿಗೂ ಹೊಂದುತ್ತದೆ. ಚಾನೆಲ್, ಅಂದರೆ ಬ್ಯಾಂಡ್‌ನೊಳಗಿನ ಓಣಿ, ಮಾತ್ರ ಬೇರೆ ಇರಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಕೆಳಗೆ 1 ಇದ್ದರೆ ಮೇಲೆ 6 ಅಥವಾ 11, ಅನಲೈಸರ್ ಆಪ್‌ನಲ್ಲಿ ಪಕ್ಕದ ಮನೆಯವರು ಯಾವುದರಲ್ಲಿ ಕಮ್ಮಿ ಇದ್ದಾರೋ ಅದು. ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ 40 ಇಡುವುದು ನಿಮಗೂ ಕಷ್ಟ, ಅಕ್ಕಪಕ್ಕದವರಿಗೂ ಕಷ್ಟ. 5 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149 ಕೊಟ್ಟರೆ ಜಗಳವಿಲ್ಲ. ಸ್ಮಾರ್ಟ್ ಬಲ್ಬು, ಪ್ಲಗ್ಗು ಬಹುತೇಕ 2.4ರಲ್ಲಿ ಮಾತ್ರ ಓಡುತ್ತವೆ, ಅದನ್ನು ಪೂರ್ತಿ ಆಫ್ ಮಾಡಬೇಡಿ.

ಡಬ್ಲ್ಯುಪಿಎಸ್ ಅಂತ ಬಟನ್ ಒತ್ತಿ ಸೇರುವ ಸೌಲಭ್ಯ ಇದ್ದರೆ ಆಫ್ ಮಾಡಿ. ಅಡ್ಮಿನ್ ಪಾಸ್‌ವರ್ಡ್ ಇನ್ನೂ "ಅಡ್ಮಿನ್" ಅಂತಲೇ ಇದೆಯಾ? ಬದಲಿಸಿ, ಹೊಸದನ್ನು ಪೆಟ್ಟಿಗೆಯ ತಳದಲ್ಲಿ ಬರೆದು ಅಂಟಿಸಿ. ಭದ್ರತಾ ಪಂಡಿತರು ಬೇಡ ಅನ್ನಬಹುದು, ಆದರೆ ಮನೆಯೊಳಗೆ ಬಂದು ರೌಟರ್ ತಿರುಗಿಸಿ ನೋಡುವ ಕಳ್ಳನಿಗಿಂತ ಮರೆವೇ ದೊಡ್ಡ ಕಾಟ.

7. ಪರೀಕ್ಷೆ

ಮೊದಲು ಕೇಬಲ್ ಒಂದನ್ನೇ ಪರೀಕ್ಷಿಸಿ. ಮೇಲಿನ ರೌಟರ್‌ಗೆ ಲ್ಯಾಪ್‌ಟಾಪನ್ನು ತಂತಿಯಲ್ಲಿ ಜೋಡಿಸಿ ಸ್ಪೀಡ್ ಟೆಸ್ಟ್ ಓಡಿಸಿ. ಪ್ಲಾನ್ 200 ಅಥವಾ 300 ಇದ್ದು, ಫಲಿತಾಂಶ ಪ್ರತಿ ಸಲವೂ 94ರ ಆಸುಪಾಸಿನಲ್ಲೇ ನಿಂತರೆ ಎಲ್ಲೋ ಒಂದು ಕಡೆ 100 ಎಂಬಿಪಿಎಸ್ ಕೊಂಡಿ ಇದೆ ಅಂತ ಅರ್ಥ. ಅದು ಹಳೇ ರೌಟರ್‌ನ ಮಿತಿ ಇರಬಹುದು. ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಒಂದೇ ತೂತು ಗಿಗಾಬಿಟ್, ಮಿಕ್ಕದ್ದು 100 ಇರುವುದೂ ಉಂಟು, ಬೇರೆ ತೂತಿಗೆ ಹಾಕಿ ನೋಡಿ. ಎರಡೂ ಅಲ್ಲದಿದ್ದರೆ ಕ್ರಿಂಪಿಂಗ್ ಮೇಲೆ ಅನುಮಾನಪಡಿ: 100 ಎಂಬಿಪಿಎಸ್‌ಗೆ ಎಂಟರಲ್ಲಿ ನಾಲ್ಕೇ ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿಯೋ ಕಂದೋ ಒಂದು ಮುಟ್ಟದಿದ್ದರೆ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ.

ಆಮೇಲೆ ಫೋನ್ ಹಿಡಿದು ವೈಫೈ ಕರೆಯಲ್ಲಿ ಮಾತಾಡುತ್ತಾ ಮೆಟ್ಟಿಲು ಹತ್ತಿ. ಯಾವ ರೌಟರ್ ಹಿಡಿಯಬೇಕು ಅನ್ನುವುದು ಫೋನಿನದೇ ತೀರ್ಮಾನ. ಐಫೋನ್ ಮೈನಸ್ 70ಕ್ಕೆ ಇಳಿಯುವವರೆಗೂ ಇನ್ನೊಂದನ್ನು ಹುಡುಕುವುದೇ ಇಲ್ಲ, ಆಂಡ್ರಾಯ್ಡ್ ಕಂಪನಿಗೊಂದು ತರಹ. ಮಹಡಿಗೆ ಬಂದ ಮೇಲೂ ಫೋನ್ ಕೆಳಗಿನದನ್ನೇ ಕಚ್ಚಿಕೊಂಡಿದ್ದರೆ ಕೆಳಗಿನ ರೌಟರ್‌ನ ಟ್ರಾನ್ಸ್‌ಮಿಟ್ ಪವರ್ ಹೈನಿಂದ ಮೀಡಿಯಮ್‌ಗೆ ಇಳಿಸಿ. ವೈಫೈ ಸುಧಾರಿಸಲು ಪವರ್ ಕಮ್ಮಿ ಮಾಡುವುದು ವಿಚಿತ್ರ ಅನ್ನಿಸುತ್ತದೆ ಅಲ್ವಾ, ಆದರೆ ಎರಡು ರೌಟರ್ ಇರುವ ಮನೆಯಲ್ಲಿ ಮೊದಲು ಮುಟ್ಟಬೇಕಾದ ಸೆಟ್ಟಿಂಗ್ ಅದೇ.

8. ಕರೆಂಟ್ ಹೋದರೆ

ರೌಟರ್‌ಗೆಂದೇ ಬರುವ ಮಿನಿ ಡಿಸಿ ಯುಪಿಎಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಕೊಳ್ಳುವ ಮುಂಚೆ ಅಡಾಪ್ಟರ್ ತಿರುಗಿಸಿ ಓದಿ. ಕೆಲವು ರೌಟರ್‌ಗೆ 12 ವೋಲ್ಟ್, ಕೆಲವಕ್ಕೆ 9, ಕೆಲವಕ್ಕೆ 5. ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪಿಯರ್ ಅಡಾಪ್ಟರ್‌ನಷ್ಟೇ ಅಥವಾ ಜಾಸ್ತಿ ಇರಬೇಕು. ಪಿನ್ ಹೊಕ್ಕಿತು ಅಂತ 9 ವೋಲ್ಟಿನದಕ್ಕೆ 12 ಕೊಟ್ಟರೆ ಹೊಗೆ. ಕೆಳಗಿನ ಫೈಬರ್ ಪೆಟ್ಟಿಗೆ, ಮೇಲಿನ ರೌಟರ್ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು "ಯುಪಿಎಸ್ ಇದ್ದರೂ ಮಹಡಿಗೆ ನೆಟ್ ಇಲ್ಲ" ಅನ್ನುವವರು ಇದ್ದಾರೆ.

9. ಕೈ ಕಡಿಯುವವರಿಗೆ: ಓಪನ್‌ಡಬ್ಲ್ಯುಆರ್‌ಟಿ

ಇಲ್ಲಿಗೆ ಕೆಲಸ ಮುಗಿಯಿತು. ಇದು ಆಟಕ್ಕೆ. ರೌಟರ್‌ನ ಒಳಗಿನ ಕಂಪನಿ ತಂತ್ರಾಂಶವನ್ನೇ ತೆಗೆದು ಅದರ ಜಾಗದಲ್ಲಿ ಕೂರಿಸಬಹುದಾದ ಲಿನಕ್ಸ್ ತಂತ್ರಾಂಶ ಈ ಓಪನ್‌ಡಬ್ಲ್ಯುಆರ್‌ಟಿ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೌಟರ್‌ನ ಸೋರ್ಸ್ ಕೋಡ್ 2003ರಲ್ಲಿ ಹೊರಬಂತು, ಅದನ್ನು ಹಿಡಿದು 2004ರಲ್ಲಿ ಈ ಯೋಜನೆ ಶುರುವಾಯಿತು. ತಯಾರಕರು ಅಪ್‌ಡೇಟ್ ನಿಲ್ಲಿಸಿದ ರೌಟರ್‌ಗೂ ಇದರಿಂದ ಹೊಸ ಭದ್ರತಾ ತಿದ್ದುಪಡಿ ಸಿಗುತ್ತದೆ.

ಸ್ಟಿಕರ್‌ನಲ್ಲಿ ಮಾಡೆಲ್ ಜೊತೆ ವರ್ಷನ್ ನಂಬರನ್ನೂ ಓದಿ. ಒಂದೇ ಹೆಸರಿನ ರೌಟರ್‌ನ 2ನೇ ಮತ್ತು 3ನೇ ವರ್ಷನ್ ಒಳಗೆ ಬೇರೆಯೇ ಚಿಪ್ ಇರಬಹುದು, ತಪ್ಪು ಫೈಲ್ ಹಾಕಿದರೆ ರೌಟರ್ ಇಟ್ಟಿಗೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನ ತೀರಾ ಹಳೆಯವಕ್ಕೆ ಹೊಸ ಆವೃತ್ತಿ ಬರುವುದಿಲ್ಲ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಬಿಟ್ಟುಬಿಡಿ, ವೈಫೈ ಸರಿಯಾಗಿ ನಡೆಯುವುದು ಅಪರೂಪ. ಇಂಟರ್‌ನೆಟ್ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯನ್ನಂತೂ ಮುಟ್ಟಲೇಬೇಡಿ, ಅದು ಅವರದ್ದು, ಕೆಟ್ಟರೆ ಲೈನೇ ಹೋಗುತ್ತದೆ.

ಕಂಪನಿ ತಂತ್ರಾಂಶದಿಂದ ಮೊದಲ ಸಲ ಬದಲಿಸುವಾಗ ಫ್ಯಾಕ್ಟರಿ ಅಂತ ಹೆಸರಿರುವ ಫೈಲ್, ಆಮೇಲಿನ ಅಪ್‌ಡೇಟ್‌ಗಳಿಗೆ ಸಿಸ್‌ಅಪ್‌ಗ್ರೇಡ್ ಅನ್ನುವ ಫೈಲ್. ಬದಲಿಸುವುದು ತಂತಿಯ ಮೂಲಕವೇ, ವೈಫೈಯಲ್ಲಿ ಬೇಡ, ರೌಟರನ್ನು ಯುಪಿಎಸ್ ಮೇಲೆ ಇಟ್ಟುಕೊಂಡು. ಮುಗಿದ ಮೇಲೆ ವೈಫೈ ಕಾಣದಿದ್ದರೆ ಗಾಬರಿಯಾಗಬೇಡಿ, ಮೊದಲಿಗೆ ಅದು ಆಫ್ ಆಗಿಯೇ ಬರುತ್ತದೆ. ಲ್ಯಾನ್ ತೂತಿಗೆ ತಂತಿ ಹಾಕಿ 192.168.1.1ಕ್ಕೆ ಹೋಗಿ. ಹೆಸರು ರೂಟ್, ಪಾಸ್‌ವರ್ಡ್ ಖಾಲಿ. ಮೊದಲು ಪಾಸ್‌ವರ್ಡ್ ಇಡಿ, ವೈಫೈ ಪುಟದಲ್ಲಿ ದೇಶ ಇಂಡಿಯಾ ಅಂತ ಆರಿಸಿ, ಆಮೇಲೆ ಮೇಲಿನ 4, 5, 6ನೇ ಹಂತಗಳನ್ನು ಇದರಲ್ಲೂ ಹಾಗೆಯೇ ಮಾಡಿ. ಡಿಎಚ್‌ಸಿಪಿ ಆಫ್ ಮಾಡುವಾಗ ಐಪಿವಿ6 ಎಂಬ ಹೊಸ ಬಗೆಯ ವಿಳಾಸಗಳ ವಿಭಾಗದಲ್ಲಿರುವ ಡಿಎಚ್‌ಸಿಪಿ ಮತ್ತು ಆರ್‌ಎ (ರೌಟರ್ ತಾನಿದ್ದೇನೆ ಅಂತ ಸಾರುವುದು) ಸೇವೆ ಎರಡನ್ನೂ ಆಫ್ ಮಾಡಲು ಮರೆಯಬೇಡಿ, ಅವು ಪಕ್ಕದ ಟ್ಯಾಬ್‌ನಲ್ಲಿ ಇರುತ್ತವೆ.